ಒಂದೇ ಸೈಜಿನ ಅಕ್ಷರದಲ್ಲಿ ಪೂಣಚ್ಚ

ಕಳೆದ ವರ್ಷ ಕೈಲ್‌ಪೊಳ್ದ್ ಹಬ್ಬದ ಮರುದಿನ, ನಿವೃತ್ತ ಎಸ್ಟೇಟ್ ಮ್ಯಾನೇಜರ್ ಪೂಣಚ್ಚ, ಪುಸ್ತಕ ಮಾಡಿಸಲೆಂದು ಬರೆಯುತ್ತಿದ್ದ ತಮ್ಮ ಒಕ್ಕದ, ಅಂದರೆ ಮನೆತನದ, ಚರಿತ್ರೆಯನ್ನು ಆನ್‌ಲೈನ್ ಡಾಕ್ಯುಮೆಂಟಿನಿಂದ ತೆಗೆದು ಕಂಪ್ಯೂಟರಿನ ಸಾದಾ ನೋಟ್‌ಪ್ಯಾಡಿಗೆ ಹಾಕಿಕೊಂಡರು. ಹಾಕಿಕೊಟ್ಟವನು ನಾನು, ಮಡಿಕೇರಿಯ ಪತ್ರಿಕೆಯೊಂದರ ವರದಿಗಾರ, ಅವರ ಪಕ್ಕದ ಮನೆಯವನು.

ಅವರು ಟೈಪ್ ಮಾಡುತ್ತಿದ್ದುದು ತೋರುಬೆರಳೊಂದರಲ್ಲೇ, ಕಾಫಿ ಹಣ್ಣು ಹಿಸುಕಿ ನೋಡುವವರಂತೆ. ಮನೆಯೊಳಗೂ ತಲೆಯ ಮೇಲೆ ಹ್ಯಾಟು. ಬರಹಕ್ಕೆ ಅಲಂಕಾರ ಮಾಡುವ ಹುಚ್ಚು ಬೇರೆ. ಹುಲಿ ಹೊಡೆದ ಅಜ್ಜನಿಗೆ ದಪ್ಪಕ್ಷರ, ಸೇನೆ ಸೇರಿದವರಿಗೆ ಕೆಂಪು. ನೋಟ್‌ಪ್ಯಾಡಿನಲ್ಲಿ ಅದೊಂದೂ ಇಲ್ಲವೆಂದಾಗ ನಕ್ಕರು: "ಹಂಗಾದ್ರೆ ಇನ್ನು ಹುಲಿ ಹೊಡೆದವನೂ ಕೋಳಿ ಹೊಡೆದವನೂ ಒಂದೇ ಸೈಜು ಅನ್ನು, ಮೋನೇ."

ಆದರೂ ಅದೇ ಬೇಕೆಂದರು. ಆನ್‌ಲೈನ್ ಡಾಕ್ಯುಮೆಂಟಿಗೆ ಅಣ್ಣತಮ್ಮಂದಿರ ಮಕ್ಕಳೆಲ್ಲ ಬಂದುಹೋಗುತ್ತಿದ್ದರು; ಪರದೆಯ ಮೇಲೆ ಒಬ್ಬೊಬ್ಬರ ಕರ್ಸರಿಗೂ ಒಂದೊಂದು ಬಣ್ಣ. "ನಾನು ಒಂದು ಸಾಲು ಬರೆಯೋದ್ರೊಳಗೆ ಬಣ್ಣಬಣ್ಣದ ಕಡ್ಡಿಗಳು ಬಂದು ನಿಲ್ತಾವೆ, ಉಳುವಾಗ ಹಿಂದೆ ಬೆಳ್ಳಕ್ಕಿ ಬಂದ ಹಾಗೆ. ತಂಗಿ ವಿಷಯ ಬರೆದ್ರೆ ಅಳಿಸಿಬಿಡ್ತಾರೆ."

ತಂಗಿ ಮುತ್ತಮ್ಮ ಬೇರೆ ಜಾತಿಯ ಅಂಗಡಿಯವರೊಬ್ಬರನ್ನು ಮದುವೆಯಾಗಿ ಕೊಡಗಿನ ಗಡಿಯ ಕುಟ್ಟದಲ್ಲಿ ನೆಲೆಸಿದವರು. ಆಮೇಲೆ ತವರಿನ ಹೊಸ್ತಿಲು ತುಳಿದಿಲ್ಲ.

ಅಳಿಸಿದ ಸಾಲು ಸಿಗಬಹುದೆಂದು ನಾನು ಡಾಕ್ಯುಮೆಂಟಿನ ತಿದ್ದುಪಡಿಗಳ ದಾಖಲೆ ತೆರೆದೆ. ಯಾರು ಏನು ಅಳಿಸಿದರೆಂಬುದು ಅಲ್ಲಿ ಹೆಸರು ಸಮೇತ ಇರುತ್ತದೆ. ಮುತ್ತಮ್ಮನ ಸಾಲನ್ನು ಪ್ರತಿ ಸಲವೂ ಅಳಿಸಿದ್ದು ಪೂಣಚ್ಚನವರೇ.

ಪರದೆಯನ್ನು ಅವರತ್ತ ತಿರುಗಿಸಿದೆ. ಅವರು ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಕಡ್ಡಿ ಕಂಡ ಕೂಡ್ಲೇ ಅಳಿಸೋಕೆ ಕೈ ತಾನಾಗಿ ಹೋಗ್ತದೆ. ಅವತ್ತೂ ಹಂಗೇ. ಹಿರಿಯರು ಕಣ್ಣು ಬಿಟ್ರು, ನಾನು ಅವಳ ಪೆಟ್ಟಿಗೆ ಹೊತ್ಕೊಂಡು ಹೋಗಿ ಕುಟ್ಟದ ಬಸ್ ಹತ್ತಿಸಿದೆ. ಮತ್ತೆ ಬರ್ಬೇಡ ಅಂದೆ."

"ನೋಟ್‌ಪ್ಯಾಡಿಗೆ ಯಾರೂ ಬರಲ್ಲ, ಅಂಕಲ್."

"ಅದೇ ಈಗ ಕಷ್ಟ."

ಕಾಫಿ ಕೊಯ್ಲು ಶುರುವಾಗುವವರೆಗೂ ಆ ಒಂದು ಪ್ಯಾರಾದಲ್ಲೇ ಇದ್ದರು. ಮೊದಲು ನೋಡಿದಾಗ ಅದರಲ್ಲಿ ಬರೀ ಹಿರಿಯರು ಒಪ್ಪಲಿಲ್ಲ, ಕಾಲ ಹಾಗಿತ್ತು ಎಂಬ ಮಾತಿತ್ತು. ನಾನು ಕೊನೆಯ ಸಲ ಹೋದಾಗ ಎಲ್ಲ ತೆಗೆದು ಇಷ್ಟೇ ಉಳಿಸಿದ್ದರು: "ನನ್ನ ತಂಗಿ ಮುತ್ತಮ್ಮನನ್ನು ಮನೆಯಿಂದ ಕಳಿಸಿದವನು ನಾನು. ಅವಳು ತಪ್ಪು ಮಾಡಿರಲಿಲ್ಲ."

ಮುತ್ತಮ್ಮನವರಿಗೆ ಫೋನ್ ಮಾಡಿ ಓದಿ ಹೇಳಿ ಎಂದೆ.

"ಪುಸ್ತಕ ಬರ್ಲಿ. ಕೈಯಲ್ಲಿ ಕೊಟ್ಟು ಎದುರು ನಿಂತ್ಕೊಳ್ತೇನೆ. ಬೈದ್ರೆ ಬೈಲಿ."

ಪುತ್ತರಿ ಹಬ್ಬಕ್ಕೆ ಮುಂಚಿನ ವಾರ ಪೂಣಚ್ಚ ತೀರಿಕೊಂಡರು. ಫೈಲನ್ನು ಅವರ ತಮ್ಮನ ಮಗ ಬೋಪಣ್ಣನಿಗೆ ಕೊಟ್ಟೆ. ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ. ಆ ಪ್ಯಾರಾ ಕೈಬಿಡಬಹುದೇ ಎಂದು ಕೇಳಲು ಬೋಪಣ್ಣ ಕಳೆದ ವಾರ ಕುಟ್ಟಕ್ಕೆ ಫೋನ್ ಮಾಡಿದ. ಅಣ್ಣ ಏನು ಬರೆದಿದ್ದಾನೆ ಎಂದು ಮುತ್ತಮ್ಮ ಕೇಳಿದರು. ಅವನು ಓದಿದ.

"ಇನ್ನೊಂದ್ಸಲ ಓದು," ಎಂದರಂತೆ.