ಎಲೆ ಎತ್ತಿದರೆ ಹಾಜರಿ

ಚಾಮರಾಜಪೇಟೆಯ ಶಾಲೆಯೊಂದರ ವಿಜ್ಞಾನದ ಮೇಷ್ಟ್ರು ವೆಂಕಟಾಚಲ, ತಿಂಗಳಿಗೊಂದು ಶನಿವಾರ ಏಳನೇ ತರಗತಿಯ ಮೂವತ್ತೆಂಟು ಮಕ್ಕಳನ್ನು ತುರಹಳ್ಳಿ ಕಾಡಿಗೆ ಕರೆದೊಯ್ಯುತ್ತಾರೆ. ಅವರ ಚೀಲದಲ್ಲಿ ಭೂತಗನ್ನಡಿ, ಅಳತೆ ಟೇಪು, ಟಿಂಕ್ಚರ್ ಸೀಸೆ ಮತ್ತು ದಾರಿ ತಪ್ಪಿದರೆ ಮೂರು ದಿನಕ್ಕಾಗುವಷ್ಟು ಪುಳಿಯೋಗರೆ ಇರುತ್ತದೆ. ಮರ ಕಂಡರೆ ಮೊದಲು ಸುತ್ತಳತೆ, ಆಮೇಲೆ ನಮಸ್ಕಾರ. "ಮುಟ್ಟಿ ನೋಡ್ರೋ, ಪುಸ್ತಕದಲ್ಲಿ ತೊಗಟೆ ಇರಲ್ಲ" ಎಂಬುದು ಅವರ ಪಲ್ಲವಿ. ಅಲ್ಲಿ ಹಾಜರಿಗೆ ಯಾರೂ "ಪ್ರೆಸೆಂಟ್ ಸಾರ್" ಅನ್ನುವಂತಿಲ್ಲ. ತಾವು ಆರಿಸಿಕೊಂಡ ಮರದಿಂದ ಉದುರಿದ ಎಲೆಯನ್ನು ಎತ್ತಿ ಹಿಡಿಯಬೇಕು. "ಮೇಷ್ಟ್ರಿಗೆ ಗಿಡದ ಹುಚ್ಚು" ಎಂದು ಉಳಿದ ಶಿಕ್ಷಕರು ನಗುತ್ತಾರೆ. ಹಾಜರಿ ಹೇಳುವಾಗ ತೊದಲಿದ ಸುಪ್ರಜಾಳನ್ನು ತರಗತಿಯೆಲ್ಲ ಅಣಕಿಸಿದ ಮೇಲೆ ಈ ಪದ್ಧತಿ ಶುರುವಾಯಿತೆಂದು ಮೇಷ್ಟ್ರು ಯಾರಿಗೂ ಹೇಳಿಲ್ಲ. ಕಳೆದ ಶನಿವಾರ ಎಲೆಗಳು ಮೂವತ್ತೇಳೇ ಇದ್ದವು. ಮೂರು ಸಲ ಎಣಿಸಿದರು. ಸುಪ್ರಜಾಳ ಹೊಂಗೆ ಎಲೆ ಇಲ್ಲ. ಮಕ್ಕಳೆಲ್ಲ ಅವಳ ಹೆಸರು ಹಿಡಿದು ಕೂಗಿದರು. ಬಂಡೆಯ ಹಿಂದಿನಿಂದ ಉತ್ತರ ಬಂತು: "ಇ-ಇಲ್ಲೇ ಇದೀನಿ ಸಾರ್, ಗೂ-ಗೂಡು ನೋಡ್ತಿದೀನಿ." ಯಾರೂ ನಗಲಿಲ್ಲ, ಎಲ್ಲರೂ ಗೂಡು ನೋಡಲು ಓಡಿದರು. ಮೇಷ್ಟ್ರು ಅಲ್ಲೇ ಕುಸಿದು ಕೂತು, ಕನ್ನಡಕ ಒರೆಸಿಕೊಂಡು, ಮೊದಲ ಸಲ ಎಲೆ ನೋಡದೆಯೇ ಅವಳ ಹೆಸರಿನ ಮುಂದೆ ಗುರುತು ಹಾಕಿದರು.