ಎತ್ತಿ ಎಸೆದ ಬಸ್ಸಿನ ಡ್ರೈವರ್

ಈ ಅಂಕಣದಲ್ಲಿ ಈ ವಿಷಯ ಬರೆಯಬೇಕೆಂದು ಕೂತು, ಬರೆಯದೆ ಎದ್ದ ವಾರಗಳು ಬಹಳ. ನನ್ನ ನೆಗಡಿಯ ಬಗ್ಗೆ ಬರೆದೆ. ಸಿಂದಗಿ ಬಸ್‌ಸ್ಟ್ಯಾಂಡಿನ ನಾಯಿಗಳ ಬಗ್ಗೆ ಬರೆದೆ. ರೊಟ್ಟಿ ಬಡಿಯುವ ಮೆಷಿನ್ ಬಗ್ಗೆಯೂ ಬರೆದೆ. ನೀವು ಓದಿದಿರಿ, ನಾನು ತಪ್ಪಿಸಿಕೊಂಡೆ.

ಇನ್ನು ತಪ್ಪಿಸಿಕೊಳ್ಳುವಂತಿಲ್ಲ. ನನ್ನ ಮೊಮ್ಮಗಳು ನನ್ನನ್ನು ಫೋನಿನಲ್ಲಿ ಹಾಕಿಬಿಟ್ಟಿದ್ದಾಳೆ.

ನಾನು ನಿವೃತ್ತ ಕಂಡಕ್ಟರ್ ಎಂಬುದು ನಿಮಗೆ ಗೊತ್ತು. ಆದರೆ ನಾನು ಹೆವಿ ಮೆಟಲ್ ಕೇಳುತ್ತೇನೆ, ಸೂಪರ್‌ಹೀರೋ ಕಾಮಿಕ್ಸ್ ಓದುತ್ತೇನೆ ಎಂಬುದು ಮನೆಯವರಿಗೆ ಮಾತ್ರ ಗೊತ್ತಿತ್ತು. (ಹೆಂಡತಿ ಯಾರಿಗೂ ಹೇಳಿರಲಿಲ್ಲ. ಮರ್ಯಾದೆಯ ಪ್ರಶ್ನೆ.) ಹೋದ ತಿಂಗಳು ಮೊಮ್ಮಗಳು ವಿದ್ಯಾ ಫೋನ್ ಹಿಡಿದು ಎದುರಿಗೆ ಕೂತಳು.

“ಅಜ್ಜಾ, ಇಷ್ಟ್ ಗದ್ಲ ಹೆಂಗ್ ಕೇಳ್ತಿ? ತಲಿ ನೋಯಂಗಿಲ್ಲೇನು?”

ಗದ್ದಲವೇ? ಸೈಲೆನ್ಸರ್ ಒಡೆದ ಬಸ್ಸಿನಲ್ಲಿ, ಗಡಗಡ ಎನ್ನುವ ಕಿಟಕಿಗಳ ನಡುವೆ ನಿಂತು ಅರ್ಧ ಟಿಕೆಟ್ಟಿಗಾಗಿ ಜಗಳಾಡಿದವನು ನಾನು. ಮೆಟಲ್‌ನ ಡ್ರಮ್ ಓಡತೊಡಗಿದರೆ ನನಗೆ ನಮ್ಮ ಜಾತ್ರೆಯ ಕರಡಿ ಮಜಲಿನ ವಾದ್ಯ ಕೇಳಿಸುತ್ತದೆ. ಅದೇ, ಕಿವಿ ಬಿಟ್ಟು ಎದೆಗೆ ಬೀಳುವ ಪೆಟ್ಟು. ಆ ಗಂಟಲು ಹರಿಯುವ ಕೂಗು? ಕೆಟ್ಟ ಕನಸಿನಿಂದ ಎದ್ದು ಕೂತವನ ಕೂಗು ಅದು. ಸಿನಿಮಾ ಹಾಡು ‘ಎಲ್ಲ ಸರಿಹೋಗುತ್ತದೆ’ ಎಂದು ಬೆನ್ನು ಸವರುತ್ತದೆ. ಮೆಟಲ್ ಹಾಗೆ ಸುಳ್ಳು ಹೇಳುವುದಿಲ್ಲ. ನಿನಗೂ ಹೆದರಿಕೆಯೇ, ಸರಿ, ಸರಿದು ಕೂರು, ಎಂದು ಪಕ್ಕದ ಸೀಟಿಗೆ ಬರುತ್ತದೆ.

“ಹಂಗಾರ ಕಾಮಿಕ್ಸು?”

ಹಾರುವುದು, ಗೋಡೆ ಒಡೆಯುವುದು ನನಗೆ ಮುಖ್ಯವಲ್ಲ. ಹೀರೋ ಮನೆಗೆ ಬಂದು ಮುಖವಾಡವನ್ನು ಬಟ್ಟೆಗಳ ಕೆಳಗೆ ಬಚ್ಚಿಡುತ್ತಾನಲ್ಲ, ಆ ಪುಟದಲ್ಲಿ ನನ್ನ ಉಸಿರು ನಿಲ್ಲುತ್ತದೆ. ವಿಲನ್‌ಗೆ ಅಂಜದವನು, ಬಟ್ಟೆ ಒಗೆಯಲು ಎತ್ತಿಕೊಳ್ಳುವ ಮನೆಯವರಿಗೆ ಅಂಜುತ್ತಾನೆ. ಆ ಅಂಜಿಕೆ ನಿಜ. ಉಳಿದದ್ದು ಬಣ್ಣ.

ಆದರೆ ನನ್ನದೊಂದು ತಕರಾರಿದೆ. ಕೈಯಲ್ಲಿದ್ದ ಹಳೆಯ ಕಾಮಿಕ್ಸ್ ತೋರಿಸಿ, ಫೋನಿಗೇ ಮುಖ ಕೊಟ್ಟು ಹೇಳಿದೆ:

“ಹೊಡೆದಾಟ ಬಂತಂದ್ರ ಯಾವನರ ಒಬ್ಬ ಬಸ್ ಎತ್ತಿ ಒಗಿತಾನ. ಆಮ್ಯಾಲ ಹೀರೋಗ ಚಪ್ಪಾಳಿ. ಆ ಬಸ್ಸಿನ ಡ್ರೈವರ್ ಏನಾದ? ಒಬ್ರರ ಕೇಳ್ಯಾರೇನು?”

ವಿದ್ಯಾ ಬಿದ್ದು ಬಿದ್ದು ನಕ್ಕಳು. ರೀಲ್ ಮಾಡಿ ಹಾಕಿದಳು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಜನ ನೋಡಿದರು. ಚಹಾದಂಗಡಿಯಲ್ಲಿ ಶುರುವಾಯಿತು: “ಏನ್ರೀ ಕಂಡಕ್ಟರ್ ಸಾಹೇಬ್ರ, ಮನಿಗೆ ನಡ್ಕೋಂತ ಹೊಂಟೀರೋ, ಹಾರ್ಕೋಂತ ಹೊಂಟೀರೋ?”

ನಾನೂ ನಕ್ಕೆ. ಒಂದು ಮಧ್ಯಾಹ್ನ ವಿದ್ಯಾ ಒಂದು ಕಮೆಂಟ್ ಓದಿ ಹೇಳುವವರೆಗೆ.

“ಅಜ್ಜಾರ, ನಿಮ್ಮ ಕೈಯಾಗಿನ ಪುಸ್ತಕದ ಮ್ಯಾಲ ಚಹಾದ ಕಲಿ ಐತಿ. ಅದು ನಿಮಗ ಎಲ್ಲಿ ಸಿಕ್ತ್ರಿ?”

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಫೋನ್ ಬಡಿದರೆ ಎದೆ ಬಡಿಯುತ್ತದೆ. ಬಾಗಿಲ ಮುಂದೆ ಬೈಕ್ ನಿಂತರೆ ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ಯಾಕೆಂದರೆ ಆ ಪುಸ್ತಕ ನನ್ನದಲ್ಲ.

ಕ್ಯಾಸೆಟ್ಟಿನ ಕಾಲ ಅದು. ನಮ್ಮ ಬಸ್ ಮುದ್ದೇಬಿಹಾಳ ಬಿಟ್ಟು ಬಸವನ ಬಾಗೇವಾಡಿ, ಸಿಂದಗಿ ದಾಟಿ ತಾಂಬಾದಲ್ಲಿ ರಾತ್ರಿ ವಸ್ತಿ ಮಾಡುತ್ತಿತ್ತು. ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸ್. ನಮ್ಮಲ್ಲೊಂದು ರೂಢಿ ಇತ್ತು. ಸೀಟಿನ ಕೆಳಗಿನ ಸಾಮಾನು ಕಂಡಕ್ಟರನ ಜವಾಬ್ದಾರಿ, ಮುಂದೆ ಡ್ರೈವರನ ಪಕ್ಕದ ಬಾನೆಟ್ ಮೇಲೆ ಇಟ್ಟದ್ದು ಅವನದು. ಕಾಲೇಜು ಓದುವವನೊಬ್ಬ ಬಾನೆಟ್ ಮೇಲೆ ಚೀಲ ಇಟ್ಟು, ಬಾಗೇವಾಡಿಯಲ್ಲಿ ಮರೆತು ಇಳಿದ. ತಾಂಬಾದಲ್ಲಿ ಡ್ರೈವರ್ ನೀರು ತರಲು ಹೋದಾಗ ಅದು ನನ್ನ ಕಣ್ಣಿಗೆ ಬಿತ್ತು. ಒಳಗೆ ವಾಕ್‌ಮನ್, ಕ್ಯಾಸೆಟ್, ಕಾಮಿಕ್ಸ್.

ಡಿಪೊಗೆ ಒಪ್ಪಿಸಬೇಕು. ಒಪ್ಪಿಸುವವನೇ ಇದ್ದೆ. ಅದಕ್ಕೆ ಮೊದಲು ಒಮ್ಮೆ ಕಿವಿಗೆ ಹಾಕಿಕೊಂಡೆ, ಅಷ್ಟೇ. ಹೆದರಿ ಕಿತ್ತೆ. ಮತ್ತೆ ಹಾಕಿಕೊಂಡೆ. ನಾಲ್ಕು ದಿನ ಕೇಳಿ ಕೊಟ್ಟರಾಯಿತೆಂದು ಚೀಲವನ್ನು ನನ್ನ ಹಾಸಿಗೆಯೊಳಗೆ ಸುತ್ತಿಟ್ಟೆ.

ಬೆಳಿಗ್ಗೆ ಬಾಗೇವಾಡಿ ಸ್ಟ್ಯಾಂಡಿನಲ್ಲಿ ಹುಡುಗನ ಅಪ್ಪ ಕಾಯುತ್ತಿದ್ದ. ನೇರವಾಗಿ ಬಂದು ಡ್ರೈವರನ ಕಾಲರ್ ಹಿಡಿದ. “ನಿನ್ನ ಮಗ್ಗಲಾಗ ಇಟ್ಟ ಚೀಲ ಎಲ್ಲೈತೋ?”

“ನಾ ನೋಡಿಲ್ರಿ. ಕಂಡಕ್ಟರ್‌ನ್ನ ಕೇಳ್ರಿ.”

ಎಲ್ಲರೂ ನನ್ನತ್ತ ತಿರುಗಿದರು. ಹಾಸಿಗೆ ಸುರುಳಿ ಹಿಂದಿನ ಸೀಟಿನ ಮೇಲಿತ್ತು. ನೌಕರಿ ಹೋದರೆ? ನಾನು ಹೇಳಿದೆ: “ಬಾನೆಟ್ ಮ್ಯಾಲಿಂದು ನನಗೇನ್ ಗೊತ್ತ್ರಿ? ಅದು ಡ್ರೈವರ್‌ಗ ಗೊತ್ತು.”

ಇಡೀ ಸ್ಟ್ಯಾಂಡ್ ಅವನನ್ನು ಕಳ್ಳ ಎಂದಿತು. ಡಿಪೊಗೆ ದೂರು ಹೋಯಿತು. ಅವನನ್ನು ಬೇರೆ ಕಡೆ ಹಾಕಿದರು. ದಿನಾ ನನ್ನ ಬುತ್ತಿಯಲ್ಲಿ ಕೈ ಹಾಕಿ ಉಣ್ಣುತ್ತಿದ್ದವನು ಆವತ್ತು ಕಾಲರ್ ಸರಿಮಾಡಿಕೊಂಡ. ನನ್ನ ಹಾಸಿಗೆಯ ಕಡೆ ಒಮ್ಮೆ ನೋಡಿದ. ಹೋಗಿ ಸ್ಟೇರಿಂಗ್ ಹಿಡಿದ. ನಾನು ಸೀಟಿ ಊದಿದೆ.

ಅವನಿಗೆ ಗೊತ್ತಿತ್ತೇ? ಗೊತ್ತಿದ್ದೂ ಸುಮ್ಮನಾದನೇ? ದೊಡ್ಡ ದೊಡ್ಡ ರಾಕ್ಷಸರ ಚಿತ್ರ ನೋಡಿದ್ದೇನೆ, ಆ ನೋಟದಷ್ಟು ಯಾವುದೂ ನನ್ನನ್ನು ಹೆದರಿಸಿಲ್ಲ.

ಮೊನ್ನೆ ಆ ಕಮೆಂಟ್ ಹಾಕಿದವನೇ, ಆ ಚೀಲದ ಹುಡುಗ, ವಿದ್ಯಾಳಿಂದ ನಂಬರ್ ಪಡೆದು ಫೋನ್ ಮಾಡಿದ. ಈಗ ಅವನ ಕೂದಲೂ ಬೆಳ್ಳಗಾಗಿರಬೇಕು. ನಾನು ಒಂದೇ ಉಸಿರಿಗೆ ಒಪ್ಪಿಕೊಂಡೆ. ಅವನು ನಕ್ಕ.

“ಮಾಮಾರ, ಇಟ್ಕೋರಿ. ನನಗ ಈಗ ಅವೆಲ್ಲ ಓದಾಕ ಪುರಸೊತ್ತಿಲ್ಲ. ನೀವರ ಓದಾಕತ್ತೀರಲ್ಲ.”

ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು.

“ಒಂದ್ ಮಾತ್ರಿ. ನಮ್ಮಪ್ಪ ಸಾಯೂತನಕ ಆ ಡ್ರೈವರ್ ಮಾಮಾಗ ಕಳ್ಳ ಅಂತಿದ್ದ. ಅವ್ರು ಅದಾರೇನ್ರಿ?”

“ಅದಾನ. ಮಸೂತಿ ಊರಾಗ.”

“ಅವ್ರಿಗೆ ಹೇಳೀರೇನ್ರಿ?”

ಫೋನ್ ಇಟ್ಟುಬಿಟ್ಟೆ.

ಅವನಿಗೆ ಈಗ ಕಣ್ಣು ಮಂದವಂತೆ. ಈ ಅಂಕಣವನ್ನು ಅವನ ಸೊಸೆ ಓದಿ ಹೇಳುತ್ತಾಳಂತೆ. ಅಂದರೆ ಈ ಸಾಲುಗಳನ್ನೂ ಓದುತ್ತಾಳೆ, ಗಟ್ಟಿಯಾಗಿ, ಅವನ ಮುಂದೆ ಕೂತು. ಅದನ್ನು ನೆನೆದರೆ ಪೆನ್ನು ನಿಲ್ಲುತ್ತದೆ. ಎದುರಿಗೆ ನಿಂತು ಹೇಳಲಾರದೆ ಪತ್ರಿಕೆಯ ಹಿಂದೆ ನಿಂತಿದ್ದೇನೆ. ಇದೂ ಒಂದು ಮುಖವಾಡವೇ, ಗೊತ್ತು. ಪತ್ರಿಕೆ ಮಸೂತಿ ತಲುಪಿದ ಮರುದಿನ ನಾನೂ ಚೀಲ ಹಿಡಿದು ಅಲ್ಲಿ ಇಳಿಯುತ್ತೇನೆ. ಬಾಗಿಲು ತೆರೆಯುತ್ತಾನೋ ಇಲ್ಲವೋ ತಿಳಿಯದು.

ಕಾಮಿಕ್ಸಿನಲ್ಲಿ ಎತ್ತಿ ಎಸೆದ ಬಸ್ಸಿನ ಡ್ರೈವರನಿಗೆ ಹೆಸರೇ ಇರುವುದಿಲ್ಲ. ನಾನು ಎಸೆದ ಡ್ರೈವರನಿಗೆ ಇದೆ: ಸಾಯಬಣ್ಣ.