ಆಗ ಅಕ್ಕ ಪಕ್ಕದಲ್ಲಿದ್ದಳು

ಕಳೆದ ವರ್ಷ ಗೌರಿ ಹಬ್ಬ ಮುಗಿದ ವಾರ ನಡೆದದ್ದು ಇದು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಾನೂ ನನ್ನ ತಂಗಿ ಸುಧಾನೂ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತೇವೆ.

ಆ ವಾರ ನಮ್ಮ ಆರೋಗ್ಯ ವಿಚಾರಿಸಲು ಸಮೀಕ್ಷೆಯವರೆಂದು ಒಬ್ಬರು ಮೇಡಂ ಬಂದರು. ಊಟದ ಹಾಲ್‌ನಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದೇ ಥರದ ಪ್ರಶ್ನೆಗಳು. ನಿದ್ದೆ ಬರುತ್ತಾ, ಬೆನ್ನು ನೋಯುತ್ತಾ, ಕೈ ಜೋಮು ಹಿಡಿಯುತ್ತಾ? ಸುಧಾಗೆ ಕೆಲವು ತಿಂಗಳಿಂದ ಬಲಗೈ ಜೋಮು ಹಿಡಿಯುತ್ತಿತ್ತು. ಹಬ್ಬದ ದಿನ ಬಾಗಿನದ ಮೊರ ಎತ್ತಿಕೊಡಲು ಹೋಗಿ ಕೈಯಿಂದ ಬೀಳಿಸಿದ್ದಳು. ಅವಳು ನನ್ನ ಮುಖ ನೋಡಿದಳು. ನಾನು ಬೆಂಚಿನ ಕೆಳಗೆ ಅವಳ ಕಾಲು ತುಳಿದೆ.

"ಇಲ್ಲ ಮೇಡಂ" ಅಂದಳು.

ಕಂಪನಿಯವರಿಗೆ ಗೊತ್ತಾದರೆ ಅವಳನ್ನು ಕೆಲಸದಿಂದ ತೆಗೆಯುತ್ತಾರೆ, ಮನೆ ಪೂರಾ ನನ್ನೊಬ್ಬಳ ತಲೆ ಮೇಲೆ ಬೀಳುತ್ತೆ ಅನ್ನುವುದೇ ನನ್ನ ಭಯ. ಅವಳ ಕೈಯ ಯೋಚನೆ ಆಮೇಲಿನದು.

ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಮೇಡಂ, ಅವೇ ಪ್ರಶ್ನೆಗಳು. ನಮ್ಮ ಜೊತೆ ಹೊಲಿಯುವ ರತ್ನಕ್ಕ, "ಹುಷಾರು ಕಣ್ರೇ, ಪೊಲೀಸ್ನೋರ ಥರ ಎರಡೆರಡು ಸಲ ಕೇಳಿ ಸುಳ್ಳು ಹಿಡೀತಾರೆ" ಅಂದರು. ನಾನು ಸುಧಾಗೆ, "ಅವತ್ತು ಹೇಳಿದ್ದೇ ಹೇಳೇ" ಅಂದೆ. ನನ್ನ ಕೈಯಲ್ಲಿ ಕೆಲಸವಿತ್ತು, ಅವಳೊಬ್ಬಳೇ ಹೋದಳು.

ನನ್ನ ಸರದಿ ಬಂತೆಂದು ಹಾಲ್‌ನ ಬಾಗಿಲಿಗೆ ಬಂದಾಗ ಮೇಡಂ ಮಾತು ಕೇಳಿಸಿತು. "ಅವತ್ತು ಜೋಮು ಇಲ್ಲ ಅಂದಿದ್ರಲ್ಲಮ್ಮ?"

ಸುಧಾ ಮೆಲ್ಲಗೆ ಹೇಳಿದಳು, "ಆಗ ಅಕ್ಕ ಪಕ್ಕದಲ್ಲಿದ್ಳು."

ನಾನು ಒಳಗೆ ಹೋಗಿ, "ಮೇಡಂ, ಸುಳ್ಳು ಹೇಳ್ಸಿದ್ದು ನಾನು. ಅವಳನ್ನ ಕೆಲಸದಿಂದ ತೆಗೆಸ್ಬೇಡಿ" ಅಂದೆ. ಅಳು ಬಂದುಬಿಟ್ಟಿತ್ತು.

"ಕೂತ್ಕೊಳ್ಳಿ. ಹೆಸರು ಯಾರಿಗೂ ಹೇಳಲ್ಲ" ಅಂದರು ಮೇಡಂ. "ನಾವು ಪರೀಕ್ಷೆ ಮಾಡ್ತಿರೋದು ನಿಮ್ಮನ್ನಲ್ಲ, ನಮ್ಮ ಪ್ರಶ್ನೆಗಳನ್ನ. ಎರಡು ಸಲಾನೂ ಅದೇ ಉತ್ತರ ಬರ್ಲಿಲ್ಲ ಅಂದ್ರೆ ನಾವು ಕೇಳೋ ರೀತೀಲೇ ತಪ್ಪಿದೆ ಅಂತ. ಇನ್ಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕೇಳ್ತೀವಿ."

ತಪ್ಪು ಪ್ರಶ್ನೆಯದಲ್ಲ, ಬೆಂಚಿನ ಕೆಳಗಿದ್ದ ನನ್ನ ಕಾಲಿನದು.

ಮೇಡಂ ಹೇಳಿದ ಡಾಕ್ಟರ ಹತ್ತಿರ ಹೋದೆವು. ಸುಧಾ ಈಗ ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡು, ಹೊಲಿದ ಬಟ್ಟೆ ನೋಡಿ ಜೋಡಿಸುವ ಕೆಲಸ ಮಾಡುತ್ತಾಳೆ. ಕೆಲಸ ಹೋಗಲಿಲ್ಲ. ಜೋಮು ಎಷ್ಟೋ ಕಡಿಮೆಯಾಗಿದೆ. ಬೆಳಿಗ್ಗೆ ನಾನು, "ಕೈ ಹೇಗಿದೆಯೇ?" ಅಂತ ಕೇಳಿದರೆ, "ಮೊದ್ಲು ಆಚೆ ಹೋಗು, ಆಮೇಲೆ ಹೇಳ್ತೀನಿ" ಅಂತ ನಗುತ್ತಾಳೆ.

ನಾನು ನಿಜವಾಗಲೂ ಬಾಗಿಲಾಚೆ ಹೋಗಿ ನಿಲ್ಲುತ್ತೇನೆ.